ಸಾಕ್ಸ್ ಹೆಣೆಯಲು ನಾನು ಕಡ್ಡಿ ಆರಿಸುವ ಬಗೆ

ಮೂಡಿಗೆರೆ ಕಡೆ ಮಳೆಗಾಲ ಬಂತು ಅಂದ್ರೆ ತೋಟಕ್ಕೆ ಇಳಿಯುವವರ ಕಾಲು ದಿನವಿಡೀ ಗಂಬೂಟಿನೊಳಗೆ. ಹತ್ತಿಯ ಸಾಕ್ಸ್ ಒಮ್ಮೆ ನೆನೆದರೆ ತಣ್ಣಗೆ ಕಾಲಿಗೆ ಅಂಟುತ್ತದೆ. ಜುಲೈ ತಿಂಗಳಲ್ಲಿ ಬೇಗ ಒಣಗುವುದೂ ಇಲ್ಲ. ಉಣ್ಣೆಯದ್ದು ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಅದಕ್ಕೇ ನಮ್ಮನೆಯವರ ಸಾಕ್ಸೆಲ್ಲ ನಾನೇ ಹೆಣೆಯುತ್ತೇನೆ. ಗಂಬೂಟಿನ ಉಜ್ಜಾಟ ತಡೆಯುವ ಸಾಕ್ಸ್ ಬೇಕು ಅಂದ್ರೆ ಹೆಣಿಗೆ ಒತ್ತಾಗಿರಬೇಕು. ಒತ್ತು ಬರುವುದು ಸಣ್ಣ ಕಡ್ಡಿಯಿಂದ.

ನನ್ನ ನೂಲು ನಾಲ್ಕೆಳೆಯದ್ದು. ಅದರಲ್ಲಿ ನೂರಕ್ಕೆ 75 ಭಾಗ ಉಣ್ಣೆ, 25 ನೈಲಾನ್. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇರುತ್ತದೆ, ಒಂದು ಜೊತೆಗೆ ಸಾಕು. ಇದೇ ದಪ್ಪದ ನೂಲಿನಲ್ಲಿ ಸ್ವೆಟರ್ ಹಾಕುವುದಾದರೆ 3.25 ಮಿ.ಮೀ. ಕಡ್ಡಿ ಹಿಡಿಯುತ್ತೇನೆ. ಸಾಕ್ಸ್‌ಗೆ ಮಾತ್ರ 2.25 ಅಥವಾ 2.5. ಸಡಿಲ ಹೆಣಿಗೆಯಲ್ಲಿ ಎಳೆಗಳು ಒಂದಕ್ಕೊಂದು ತಿಕ್ಕಾಡುತ್ತವೆ, ಮೊದಲು ಹಿಮ್ಮಡಿಯಲ್ಲೇ ತೂತು ಬೀಳುತ್ತದೆ.

ಅಂಗಡಿಯಲ್ಲಿ ನಂಬರ್ ಕೇಳಬೇಡಿ, ಮಿಲಿಮೀಟರ್ ಕೇಳಿ. ನಮ್ಮಲ್ಲಿ ಇನ್ನೂ ಬ್ರಿಟಿಷರ ಹಳೆಯ ನಂಬರ್ ಓಡುತ್ತಿದೆ. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 8 ಅಂದ್ರೆ 4 ಮಿ.ಮೀ., 10 ಅಂದ್ರೆ 3.25, 13 ಅಂದ್ರೆ 2.25, 14 ಅಂದ್ರೆ 2. ಅಮೆರಿಕದ ನಂಬರ್ ಇದಕ್ಕೆ ಉಲ್ಟಾ. ಅಲ್ಲಿ 1 ಅಂದ್ರೇ 2.25.

ಕಡ್ಡಿ ಸರಿಯಿದೆಯಾ ಅಂತ ನೋಡಲು, ಸಾಕ್ಸಿನ ಹಾಗೇ ಸುತ್ತು ಸುತ್ತಾಗಿ ಬರೀ ಸೀದಾ ಹಾಕುತ್ತಾ ಒಂದು ಪುಟ್ಟ ಕೊಳವೆ ಹೆಣೆಯುತ್ತೇನೆ. ಚಪ್ಪಟೆ ತುಂಡು ಬೇಡ. ಅದರಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಬರುತ್ತದೆ. ಉಲ್ಟಾ ಸಾಲಿನಲ್ಲಿ ತುಂಬಾ ಜನರ ಕೈ ಸಡಿಲ, ಅಳತೆ ಬೇರೆಯೇ ಆಗುತ್ತದೆ. ಕೊಳವೆಯೊಳಗೆ ನಾಲ್ಕು ಬೆರಳು ತೂರಿಸಿ ಅಗಲಿಸಿ ನೋಡಿ. ಸ್ಟಿಚ್‌ಗಳ ಸಂದಿಯಲ್ಲಿ ಬೆರಳಿನ ಚರ್ಮ ಚೆನ್ನಾಗಿ ಕಂಡರೆ ಒಂದು ಸೈಜು ಕೆಳಗಿಳಿಯಿರಿ. ಬಟ್ಟೆ ರಟ್ಟಿನಂತೆ ಬಿರುಸಾಗಿದ್ದರೆ ಒಂದು ಸೈಜು ಮೇಲೆ. ನನಗೆ 2.5ರಲ್ಲಿ 10 ಸೆಂ.ಮೀ.ಗೆ 32 ಸ್ಟಿಚ್ ಬರುತ್ತದೆ. ನಮ್ಮ ಯಜಮಾನರ ಪಾದದ ಸುತ್ತಳತೆ 22 ಸೆಂ.ಮೀ. ಸಾಕ್ಸ್ ಕಾಲನ್ನು ಹಿಡಿದುಕೊಳ್ಳಬೇಕಲ್ವಾ, ಅದಕ್ಕೆ ಹತ್ತರಲ್ಲೊಂದು ಪಾಲು ಕಳೆದರೆ ಸುಮಾರು 20. ಅಲ್ಲಿಗೆ 64 ಸ್ಟಿಚ್.

ಚಿಕ್ಕಮಗಳೂರಲ್ಲಿರುವ ನನ್ನ ಅತ್ತಿಗೆಗೆ ಇದೇ 32 ಬರಬೇಕಾದರೆ 2 ಮಿ.ಮೀ. ಕಡ್ಡಿ ಬೇಕು. ಅವರ ಕೈ ಸಡಿಲ, ಅದಕ್ಕೇ ಬಿದಿರಿನ ಕಡ್ಡಿ ಹಿಡಿಯುತ್ತಾರೆ. ಬಿದಿರು ನೂಲನ್ನು ಹಿಡಿದಿಡುತ್ತದೆ, ಸ್ಟಿಚ್ ಜಾರಿ ಬೀಳುವುದಿಲ್ಲ. ನನ್ನ ಕೈ ಬಿಗಿ, ಹಾಗಾಗಿ ಸ್ಟೀಲ್. ಮಳೆಗಾಲದಲ್ಲಂತೂ ಸ್ಟೀಲೇ ಮೇಲು ಅನ್ನುತ್ತೇನೆ. ಗಾಳಿಯೆಲ್ಲ ಥಂಡಿ ಇರುವಾಗ ನನ್ನ ಬಿದಿರಿನ ಕಡ್ಡಿ ಮೇಲೆ ನೂಲು ತಡೆದು ತಡೆದು ಸಾಗುತ್ತದೆ.

ಮನೆಯಲ್ಲಿ ಕೂತಾಗ ಎರಡೂ ತುದಿ ಚೂಪಿರುವ ಐದು ಕಡ್ಡಿಯ ಸೆಟ್ಟು ನನಗಿಷ್ಟ. 15 ಸೆಂ.ಮೀ. ಉದ್ದದ್ದು ಸಾಕು, 20ರದ್ದು ಅಂಗೈಗೆ ಚುಚ್ಚುತ್ತದೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವಾಗ ಎರಡನೇ ಸ್ಟಿಚ್ ಹಾಕಿದ ಮೇಲೆ ನೂಲನ್ನು ಒಮ್ಮೆ ಜಗ್ಗಿ, ಇಲ್ಲದಿದ್ದರೆ ಅಲ್ಲಿ ಏಣಿಯಂಥ ಸಂದಿ ಬಿಡುತ್ತದೆ. ಬಸ್ಸಿನಲ್ಲಾದರೆ 80 ಸೆಂ.ಮೀ. ಸರ್ಕ್ಯುಲರ್ ಕಡ್ಡಿ, ಅಂದ್ರೆ ಎರಡು ಗಿಡ್ಡ ಕಡ್ಡಿಗಳನ್ನು ವೈರಿನಿಂದ ಜೋಡಿಸಿದ್ದು. ಸೀಟಿನಡಿ ಉರುಳಿಹೋಗಲು ಬಿಡಿ ಕಡ್ಡಿಯೇ ಇರುವುದಿಲ್ಲ. ಅದರ ವೈರು ಮೆತ್ತಗಿರಬೇಕು, ಸುರುಳಿ ಸುತ್ತಿಕೊಳ್ಳುವಂಥದ್ದು ಬೇಡ. 23 ಸೆಂ.ಮೀ.ನ ಪುಟ್ಟ ಸರ್ಕ್ಯುಲರ್ ಕೂಡ ಸಿಗುತ್ತದೆ. ಅದರ ತುದಿ ತೀರಾ ಗಿಡ್ಡ, ನನ್ನ ಬೆರಳು ನೋಯುತ್ತದೆ.

ಒಂದೇ ಸಾಕ್ಸ್‌ಗೆ ಒಂದೇ ಸೈಜು ಅಂತೇನೂ ಇಲ್ಲ. ಮೇಲಿನ ಅಂಚಿನ ಸ್ಟಿಚ್‌ಗಳನ್ನು ನಾನು 3 ಮಿ.ಮೀ. ಕಡ್ಡಿಗೆ ಏರಿಸಿ, ಆಮೇಲೆ 2.5ಕ್ಕೆ ಬದಲಿಸುತ್ತೇನೆ. ಆಗ ಅಂಚು ಹಿಗ್ಗಿ ಹಿಮ್ಮಡಿ ದಾಟುತ್ತದೆ. ಹಿಮ್ಮಡಿಯ ಪಟ್ಟಿಯನ್ನು ಮಾತ್ರ 2.25ರಲ್ಲಿ, ಒಂದು ಸ್ಟಿಚ್ ಬಿಟ್ಟು ಒಂದು ಹಾಕುತ್ತಾ ದಪ್ಪಗೆ ಹೆಣೆಯುತ್ತೇನೆ.