ಬಂಗುಡೆಗೆ ಐಸ್ ಬೀಳಬೇಕಾದದ್ದು ಬೋಟಿನಲ್ಲೇ

ಮಲ್ಪೆಯ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಮೀನಿನ ಸ್ವಚ್ಛತೆಗೆ ಯುರೋಪ್ 1991ರಲ್ಲಿ ಹೊರಡಿಸಿದ ನಿರ್ದೇಶನಕ್ಕೆ ಹೊಂದುವಂತೆ ಭಾರತ ಸರ್ಕಾರ 1995ರಲ್ಲಿ ರಫ್ತು ನಿಯಮಗಳನ್ನು ತಂದಿತ್ತು. ನಮ್ಮಲ್ಲಿ ಅವು ಕಡತದಲ್ಲೇ ಉಳಿದಿದ್ದವು. 1997ರಲ್ಲಿ ಯುರೋಪ್ ಭಾರತದ ಮೀನಿಗೆ ತಡೆ ಹಾಕಿದಾಗ ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ಕುಳಿತಿತು. ಆಮೇಲೆ ಕಡತ ಬಿಚ್ಚಿದೆವು.

ಕಟ್ಟಡದ ಕೆಲಸ ಬೇಗ ಮುಗಿಯಿತು. ಮರದ ಮೇಜುಗಳ ಜಾಗಕ್ಕೆ ಸ್ಟೀಲ್, ಬಿದಿರ ಬುಟ್ಟಿಗಳ ಜಾಗಕ್ಕೆ ಪ್ಲಾಸ್ಟಿಕ್ ಕ್ರೇಟ್, ಬಾಗಿಲಲ್ಲಿ ಕಾಲು ಅದ್ದಲು ಕ್ಲೋರಿನ್ ನೀರು. ದುಡ್ಡಿದ್ದರೆ ಇಷ್ಟೆಲ್ಲ ಆಗುತ್ತದೆ.

ನನ್ನ ನಿದ್ದೆ ಕೆಡಿಸಿದ್ದು ಬಂಗುಡೆಯ ಹಿಸ್ಟಮಿನ್: ಹಿಡಿದ ಮೀನು ತಣ್ಣಗಿರದಿದ್ದರೆ ಬ್ಯಾಕ್ಟೀರಿಯಾಗಳಿಂದ ಅದರೊಳಗೆ ಹುಟ್ಟುವ, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು. ಒಂದು ಬ್ಯಾಚಿನಿಂದ 9 ಮಾದರಿ ತೆಗೆಯಬೇಕು. ಸರಾಸರಿ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಎರಡು ಮಾದರಿ ಮಾತ್ರ 100ರಿಂದ 200ರ ನಡುವೆ ಇರಬಹುದು. 200ನ್ನು ಒಂದೂ ದಾಟುವಂತಿಲ್ಲ. ಒಂದು ದಿನ ಬಂದ ಮೀನಿನ ಕಿವಿರು ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು, ವಾಸನೆಯೂ ಇರಲಿಲ್ಲ. ವರದಿ ನೋಡಿದರೆ ಎರಡು ಮಾದರಿ 200 ದಾಟಿದ್ದವು. ಇಡೀ ಬ್ಯಾಚನ್ನು ತಿರಸ್ಕರಿಸಿದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು. ಅಂದ ಮೇಲೆ ಘಟಕದೊಳಗೆ ನಾನು ಎಷ್ಟು ತೊಳೆಸಿ ಏನು ಬಂತು?

ಮರುದಿನ ಬೆಳಕು ಹರಿಯುವ ಮೊದಲೇ ಬಂದರಿಗೆ ಹೋದೆ. "ಐಸ್ ಹಾಕಿ ಉಂಟಲ್ಲ ಸರ್, ನೋಡಿ" ಎಂದರು ಬೋಟು ನಡೆಸುವ ತಂಡೇಲರು. ಮೇಲೆ ಐಸ್ ಇತ್ತು, ನಿಜ. ಮೇಲಿನ ಮೀನಿನ ಬೆನ್ನಿಗೆ ಥರ್ಮಾಮೀಟರ್ ಚುಚ್ಚಿದೆ: 3 ಡಿಗ್ರಿ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದನ್ನು ಎಳೆದು ಚುಚ್ಚಿದೆ: 14. ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟೆ. ಇನ್ನೂ ಎರಡು ಮೀನು ತೆಗೆದು ಅವರೇ ನೋಡಿದರು. ಕೊನೆಗೆ, "ಅಡಿಗೆ ಒಂದು ಪದರ, ನಡುವೆ ಒಂದು ಪದರ ಬೇಕು. ಅಷ್ಟು ಐಸಿನ ದುಡ್ಡು ಯಾರದು?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಯಾವ ನಿಯಮ ಓದಿದಾಗಲೂ ಅದು ನನಗೆ ಹೊಳೆದಿರಲಿಲ್ಲ. ಮಾಲೀಕರ ಎದುರು ಮೂರು ದಿನ ಕುಳಿತು ತಿರಸ್ಕೃತ ಬ್ಯಾಚಿನ ಲೆಕ್ಕ ತೋರಿಸಿದ ಮೇಲೆ, ಪರೀಕ್ಷಿಸಿದ ಕುಡಿಯುವ ನೀರಿನ ಐಸನ್ನು ಘಟಕದಿಂದಲೇ ಬೋಟುಗಳಿಗೆ ಕೊಡಲು ಒಪ್ಪಿದರು. ಬಂದರಿನಲ್ಲೇ ಉಷ್ಣಾಂಶ ಬರೆದುಕೊಳ್ಳುವ ಪುಸ್ತಕ ಇಟ್ಟೆ. 4 ಡಿಗ್ರಿ ಮೀರಿದ ಬಂಗುಡೆಯನ್ನು ರಫ್ತಿಗೆ ತೆಗೆದುಕೊಳ್ಳಲಿಲ್ಲ. ಮೊದಲ ವಾರ ಮೂರು ಬೋಟುಗಳ ಮೀನು ವಾಪಸ್ ಹೋಯಿತು. ಆ ಜನರ ಮುಖ ನೋಡುವುದು ನನಗೆ ಬಹಳ ಕಷ್ಟವಾಯಿತು. ಎರಡನೇ ತಿಂಗಳಿಗೆ ಅದೇ ತಂಡೇಲರು ತಮ್ಮದೇ ಥರ್ಮಾಮೀಟರ್ ಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು.