ಸಿರಿಂಜ್ ಇಟ್ಟುಕೊಂಡು ಬೆಂಗಳೂರಿನ ಗಾಳಿ ತೂಗಿದ್ದು

"ಅಣುಗಳು ಪಾತ್ರೆಯ ಗೋಡೆಗೆ ಬಡಿಯುವುದರಿಂದ ಅನಿಲದ ಒತ್ತಡ ಉಂಟಾಗುತ್ತದೆ." ಈ ಸಾಲನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆದರೆ ಮೂತಿ ಮುಚ್ಚಿದ ಸಿರಿಂಜ್ ಕೈಗೆ ಕೊಟ್ಟು, ಒತ್ತಿದರೆ ಯಾಕೆ ವಾಪಸ್ ತಳ್ಳುತ್ತದೆ ಅಂತ ಕೇಳಿದರೆ ಬರುವ ಉತ್ತರವೇ ಬೇರೆ: "ಇಕ್ಕಟ್ಟಾದಾಗ ಅಣುಗಳು ಒಂದನ್ನೊಂದು ತಳ್ತವೆ ಸಾರ್."

ಇದು ದಡ್ಡ ಉತ್ತರವೇನಲ್ಲ. ಒಂದನ್ನೊಂದು ದೂರ ತಳ್ಳುವ ಕಣಗಳಿಂದಲೂ ಬಾಯ್ಲ್ ನಿಯಮ (ಗಾಳಿಯ ಗಾತ್ರ ಅರ್ಧವಾದರೆ ಒತ್ತಡ ಎರಡು ಪಟ್ಟು) ಬರುತ್ತದೆ ಅಂತ 1687ರಲ್ಲಿ ನ್ಯೂಟನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಗಾಳಿ ನಿಜಕ್ಕೂ ಹಾಗೇ ಇದೆಯಾ ಅನ್ನುವ ಪ್ರಶ್ನೆಯನ್ನು ಮಾತ್ರ ಬೇರೆಯವರಿಗೆ ಬಿಟ್ಟರು. ಹಾಗಾಗಿ ಸುಮ್ನೆ "ತಪ್ಪು" ಅಂದರೆ ಮಕ್ಕಳ ತಲೆಯಿಂದ ಅದು ಹೋಗುವುದಿಲ್ಲ, ತೋರಿಸಬೇಕು.

ನಾನು ಶುರು ಮಾಡುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ. ಅದರ ಮೇಲೆ ಬೋರಲು ಹಾಕಿದ ಸ್ಟೀಲ್ ಬಟ್ಟಲು, ಕೆಳಗೆ ದೊಡ್ಡ ಪರಾತ, ಕೈಯಲ್ಲಿ 1 ಕೆಜಿ ಸಾಸಿವೆ. ರಾಗಿಯೂ ನಡೆಯುತ್ತದೆ, ಸಾಸಿವೆ ಚೆನ್ನಾಗಿ ಪುಟಿಯುತ್ತದೆ ಅಷ್ಟೇ. ಒಂದಡಿ ಎತ್ತರದಿಂದ ಒಂದೇ ಸಮನೆ ಸುರಿಯಬೇಕು, ಇಡೀ ಕೆಜಿ ಸುಮಾರು 20 ಸೆಕೆಂಡಿನಲ್ಲಿ ಖಾಲಿಯಾಗುವ ಹಾಗೆ. ಕಾಳು ಬಟ್ಟಲಿನ ಮೇಲೆ ನಿಲ್ಲುವುದಿಲ್ಲ, ಬಡಿದು ಪಕ್ಕಕ್ಕೆ ಹಾರುತ್ತದೆ. ಆದರೂ ತಕ್ಕಡಿ 12ರಿಂದ 15 ಗ್ರಾಂ ತೋರಿಸುತ್ತಲೇ ಇರುತ್ತದೆ! ಕಾಳುಗಳಿಗೆ ಒಂದನ್ನೊಂದು ತಳ್ಳುವ ಕೆಲಸವೇ ಇಲ್ಲ, ಬರೀ ಬಡಿತ. ಎರಡು ಪಟ್ಟು ಬೇಗ ಸುರಿದರೆ ತೂಕವೂ ಎರಡು ಪಟ್ಟು. ಅದೇ ಹದದಲ್ಲಿ ನಾಲ್ಕಡಿಯಿಂದ ಸುರಿದರೂ ಎರಡು ಪಟ್ಟು, ಯಾಕೆಂದರೆ ಎತ್ತರ ನಾಲ್ಕರಷ್ಟಾದರೆ ಬೀಳುವ ವೇಗ ಎರಡರಷ್ಟಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಸಾಸಿವೆ ಸೆಕೆಂಡಿಗೆ ಎಷ್ಟು ಬೀಳಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಡಬ್ಬಿಯೊಳಗಿನ ಗಾಳಿಯಲ್ಲಿ ಹಾಗಲ್ಲ. ಅಣುವಿನ ವೇಗ ಹೆಚ್ಚಾದರೆ ಒಂದೊಂದು ಬಡಿತವೂ ಜೋರಾಗುತ್ತದೆ, ಗೋಡೆಗೆ ಬೇಗ ಬೇಗ ವಾಪಸ್ ಬರುವುದರಿಂದ ಬಡಿತಗಳ ಸಂಖ್ಯೆಯೂ ಜಾಸ್ತಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಲೆಕ್ಕದಲ್ಲಿ ವೇಗದ ವರ್ಗ ಬರೋದು ಇಲ್ಲಿಂದಲೇ, ಅಲ್ವಾ? ರೂಮಿನ ಗಾಳಿಯ ಅಣುಗಳ ಸರಾಸರಿ ವೇಗ ಸೆಕೆಂಡಿಗೆ ಸುಮಾರು 470 ಮೀಟರ್. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಸೆಕೆಂಡಿಗೆ ಬೀಳುವ ಬಡಿತ ಎಷ್ಟು ಅಂತ ಬೋರ್ಡಿನ ಮೇಲೆ ಬರೆಯಲು ಸುಮಾರಾಗಿ 3ರ ಮುಂದೆ 23 ಸೊನ್ನೆ ಬೇಕು. ಅದಕ್ಕೇ ನಮಗೆ ಟಕ್ ಟಕ್ ಅಂತ ಅನಿಸದೆ ಒಂದೇ ಸಮನೆ ಒತ್ತಿದ ಹಾಗಿರುತ್ತದೆ.

ಈಗ ಸಿರಿಂಜ್. 20 ಎಂಎಲ್‌ನದು, ಸೂಜಿ ಇಲ್ಲದ್ದು. ಪಿಸ್ಟನ್ 20ರ ಗೆರೆಗೆ ಎಳೆದು ಮೂತಿಗೆ ಎಂ-ಸೀಲ್ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಪಿಸ್ಟನ್ ಮೇಲೆ ಹಲಗೆ ಇಟ್ಟು ತೂಕ ಹೇರುತ್ತಾ ಹೋದರೆ 3 ಕೆಜಿ ಹತ್ತಿರ ಬರುವಾಗ ಗಾಳಿ ಅರ್ಧಕ್ಕೆ, 10 ಎಂಎಲ್‌ಗೆ ಇಳಿದಿರುತ್ತದೆ. ರಬ್ಬರ್ ಕಚ್ಚಿಕೊಳ್ಳುತ್ತದೆ, ಪ್ರತಿ ಸಲ ಪಿಸ್ಟನ್ ಸ್ವಲ್ಪ ತಿರುಗಿಸಿಯೇ ಓದಬೇಕು. ಪಿಸ್ಟನ್ ಮೇಲೆ ತೂಕ, ಕೆಳಗಿಂದ ಬಡಿಯುವ ಕಣಗಳು, ಇದೇ ಚಿತ್ರವನ್ನು ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲೇ ಕೊಟ್ಟಿದ್ದರು. ಸುಮಾರು ನೂರು ವರ್ಷ ಯಾರೂ ಅದನ್ನು ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ.

ಇಕ್ಕಟ್ಟಿನ ಮಾತಿಗೆ ಬರೋಣ. ಗಾಳಿಯಲ್ಲಿ ಅಣುವಿನಿಂದ ಅಣುವಿಗೆ ಇರುವ ದೂರ ಸರಾಸರಿ ಅಣುವಿನ ಅಗಲದ ಹತ್ತರಷ್ಟು. ಗಾಳಿಯನ್ನು ಅರ್ಧಕ್ಕೆ ಒತ್ತಿದಾಗ ಆ ಹತ್ತು ಎಂಟಾಗುತ್ತದೆ, ಅಷ್ಟೇ. ಎಲ್ಲಿದೆ ಇಕ್ಕಟ್ಟು? ಗೋಡೆ ಹತ್ತಿರವಾಯಿತು, ಬಡಿತ ಎರಡರಷ್ಟಾಯಿತು.

ಇದಕ್ಕೂ ಒಪ್ಪದವರಿಗೆ ಬಿಸಿನೀರು. ಇನ್ನೊಂದು ಸಿರಿಂಜಿನಲ್ಲಿ 10 ಎಂಎಲ್ ಒಣ ಗಾಳಿ ಹಿಡಿದು, 27 ಡಿಗ್ರಿ ರೂಮಿನಿಂದ 77 ಡಿಗ್ರಿ ನೀರಿಗೆ ಅದ್ದಿದರೆ ಪಿಸ್ಟನ್ ತಾನಾಗಿ ಮೇಲೇರುತ್ತದೆ. ಲೆಕ್ಕಕ್ಕೆ 11.7ಕ್ಕೆ ಬರಬೇಕು, ನನಗೆ 11.5ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮತ್ತೆ ಅದೇ ರಬ್ಬರ್ ಕಾಟ. ಅಣುಗಳ ನಡುವಿನ ದೂರ ಈಗ ಜಾಸ್ತಿಯಾಗಿದೆ. ಆದರೂ ಹೊರಗಿನ ಗಾಳಿಗೆ ಮೊದಲಿನಷ್ಟೇ ಬಲವಾಗಿ ಎದುರು ನಿಂತಿವೆ! ದೂರ ಸರಿದ ಮೇಲೂ ತಳ್ಳುವ ಬಲ ಕಡಿಮೆಯಾಗಿಲ್ಲ ಅಂದರೆ ಕೆಲಸ ಮಾಡಿದ್ದು ವೇಗವೇ.

ನನಗೆ ತುಂಬ ಇಷ್ಟದ ಭಾಗ ಮಾತ್ರ ಬಕೆಟ್. ಮೂತಿಯೊಳಗೆ ಒಂದು ಹನಿ ಎಣ್ಣೆ ಬಿಟ್ಟು, ಪಿಸ್ಟನ್ ಪೂರ್ತಿ ಸೊನ್ನೆಗೆ ತಳ್ಳಿ ಮೂತಿ ಮುಚ್ಚುತ್ತೇನೆ, ಒಳಗೆ ಗಾಳಿಯೇ ಇರಬಾರದು. ಸಿರಿಂಜನ್ನು ಸ್ಟ್ಯಾಂಡಿಗೆ ಕಟ್ಟಿ, ಪಿಸ್ಟನ್ ಕೆಳಗೆ ಬಕೆಟ್ ನೇತುಹಾಕಿ, ನಿಧಾನಕ್ಕೆ ನೀರು ಹಾಕುತ್ತಾ ಬರುವುದು. ಬಕೆಟ್ ಸೇರಿ 3.3 ಕೆಜಿ ಹತ್ತಿರ ಪಿಸ್ಟನ್ ಜಾರುತ್ತದೆ. ಆಮೇಲೆ ಮೂತಿ ತೆರೆದು, ಬರೀ ಘರ್ಷಣೆ ಮೀರಲು ಎಷ್ಟು ಬೇಕು ಅಂತ ನೋಡುತ್ತೇನೆ. ಸುಮಾರು 400 ಗ್ರಾಂ. ಕಳೆದರೆ 2.9 ಕೆಜಿ.

ಇಷ್ಟು ಭಾರ ಹಿಡಿದುಕೊಂಡಿದ್ದು ಯಾರು? "ಒಳಗಿನ ಖಾಲಿ ಜಾಗ ಎಳೀತಿದೆ" ಅನ್ನುತ್ತಾರೆ. ಖಾಲಿ ಜಾಗಕ್ಕೆ ಎಳೆಯಲು ಕೈ ಎಲ್ಲಿದೆ? ಹೊರಗಿನ ಅಣುಗಳು ಕೆಳಗಿಂದ ಬಡಿಯುತ್ತಿವೆ, ಒಳಗಿಂದ ಬಡಿಯಲು ಯಾರೂ ಇಲ್ಲ. ಪಿಸ್ಟನ್ನಿನ ವಿಸ್ತಾರ ತಿಳಿಯಲು ಕ್ಯಾಲಿಪರ್ ಬೇಡ, 20 ಎಂಎಲ್ ಗೆರೆಗಳ ಒಟ್ಟು ಉದ್ದದಿಂದ 20 ಅನ್ನು ಭಾಗಿಸಿ. ನನ್ನದರಲ್ಲಿ 6.4 ಸೆಂಮೀ ಉದ್ದ, ಅಂದರೆ 3.1 ಚದರ ಸೆಂಮೀ. 2.9 ಕೆಜಿಯ ಭಾರವನ್ನು ಈ ವಿಸ್ತಾರದಿಂದ ಭಾಗಿಸಿದರೆ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್ (ಒತ್ತಡದ ಅಳತೆ) ಅಂತ ಬಂತು. ಫೋನಿನ ಬ್ಯಾರೋಮೀಟರ್ 911 ಹೆಕ್ಟೋಪಾಸ್ಕಲ್, ಅಂದರೆ 91.1 ಕಿಲೋಪಾಸ್ಕಲ್ ತೋರಿಸುತ್ತಿತ್ತು, ಎರಡೂ ಒಂದೇ. ಪುಸ್ತಕದ 101 ಯಾಕೆ ಬರಲಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಅದು ಸಮುದ್ರಮಟ್ಟದ್ದು, ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ.

ಮಂಗಳೂರಿನವರು ಇದೇ ಸಿರಿಂಜಿನಲ್ಲಿ ಮಾಡಿದರೆ 3.2 ಕೆಜಿ ಬರಬೇಕು. ಆದರೆ ಆ 300 ಗ್ರಾಂ ವ್ಯತ್ಯಾಸ ಘರ್ಷಣೆಯ ಏರುಪೇರಿನಲ್ಲೇ ಮುಳುಗಿಹೋಗಬಹುದು. ಎರಡು ಊರು ಹೋಲಿಸುವುದಾದರೆ 50 ಎಂಎಲ್ ಸಿರಿಂಜೇ ತಗೊಳ್ಳಿ, ಅದರಲ್ಲಿ ವ್ಯತ್ಯಾಸ 600-700 ಗ್ರಾಂ ಆಗುತ್ತದೆ. ಬಕೆಟ್ 6 ಕೆಜಿ ದಾಟುತ್ತದೆ ಮತ್ತು ಜಾರುವ ಮೊದಲು ಹೇಳಿ ಕೇಳಿ ಜಾರುವುದಿಲ್ಲ, ಕೆಳಗೆ ಯಾರ ಕಾಲೂ ಇರದ ಹಾಗೆ ನೋಡಿಕೊಳ್ಳಿ.