ಜರ್ಮನಿಗೆ ಓದೋಕೆ ಹೊರಟ್ರಾ? ಮೊದಲ 14 ದಿನ ಹಿಂಗೆ ಮಾಡ್ರಿ

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ದಾವಣಗೆರೇಲಿ ಗೊತ್ತಿರೋರ ಯಾವುದಾದ್ರೂ ಒಂದು ಮನೇಲಿ ಸೂಟ್‌ಕೇಸ್ ಹಾಲ್ ಮಧ್ಯೆ ಬಾಯಿ ತೆಕ್ಕೊಂಡು ಬಿದ್ದಿರುತ್ತೆ, ಅಮ್ಮ ಇನ್ನೊಂದು ಡಬ್ಬಿ ಚಟ್ನಿಪುಡಿ ತುರುಕ್ತಿರ್ತಾರೆ, ಅಪ್ಪ ತೂಕ ನೋಡಿ ವಾಪಸ್ ತೆಗೀತಿರ್ತಾರೆ. ಜರ್ಮನಿಯ ಬಹುತೇಕ ಯೂನಿವರ್ಸಿಟಿಗಳಲ್ಲಿ ವಿಂಟರ್ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು, ಅದಕ್ಕೇ ಈ ಗಡಿಬಿಡಿ. ನಾನೂ ವಿದ್ಯಾನಗರದ ಮನೆಯಿಂದ ಹಿಂಗೇ ಹೊರಟವಳು, ಮಾಸ್ಟರ್ಸ್ ಮುಗಿಸಿ ಬಂದಿದೀನಿ. ವೀಸಾ, ಲೋನ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದಾರೆ, ಆದ್ರೆ ಇಳಿದ ಮೇಲಿನ ಮೊದಲ ಎರಡು ವಾರದ ಬಗ್ಗೆ ಯಾರೂ ಬಿಡಿಸಿ ಹೇಳಲ್ಲ, ಮಕ್ಕಳು ಒದ್ದಾಡೋದು ಅಲ್ಲೇ. ನಾನು ಹೇಳೋದು ಒಂದೇ, ಮೊದಲು ಅಡ್ರೆಸ್ ಗಟ್ಟಿ ಮಾಡ್ಕೊಳ್ರಿ. ಬ್ಯಾಂಕ್, ಟ್ಯಾಕ್ಸ್ ನಂಬರ್, ವೀಸಾ ಮುಂದುವರಿಸೋದು, ಎಲ್ಲಾ ಅದರ ಬೆನ್ನಿಗೇ ಬರ್ತಾವೆ.

ಸೂಟ್‌ಕೇಸ್ ಮುಚ್ಚೋ ಮುಂಚೆ

ತುಪ್ಪ ಬೇಡ. ಬೆಣ್ಣೆ ಬೇಡ, ಪೇಡಾ ಕುಂದಾನೂ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿಂದ ಬರೋರು ಹಾಲಿಂದ ಮಾಡಿದ್ದು, ಮಾಂಸದ್ದು ಲಗೇಜಲ್ಲಿ ತರೋ ಹಾಗಿಲ್ಲ, ಸಿಕ್ಕರೆ ಏರ್‌ಪೋರ್ಟಲ್ಲೇ ಕಿತ್ಕೊಳ್ತಾರೆ, ಅಮ್ಮ ಅಷ್ಟು ಆಸೆಯಿಂದ ಕಾಸಿಕೊಟ್ಟ ತುಪ್ಪ ಕಸಕ್ಕೆ ಹೋಗೋದನ್ನ ನೋಡೋಕಾಗಲ್ಲ. ಹಸಿ ಕರಿಬೇವೂ ಬೇಡ, ಒಣಗಿಸಿ ಚಟ್ನಿಪುಡಿಗೆ ಸೇರಿಸ್ಬಿಡ್ರಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಆರಾಮಾಗಿ ಹೋಗ್ತಾವೆ. ಜೊತೆಗೆ ಒಂದು ದೊಡ್ಡ ಪಾಕೀಟು ಮಂಡಕ್ಕಿ ಇಡ್ರಿ, ಜಾಗ ತಿನ್ನುತ್ತೆ ಆದ್ರೆ ತೂಕ ಇಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರಲ್ಲ. ಕರೆಂಟ್ ಮಾತ್ರ ಇಲ್ಲಿನಂಗೇ 230 ವೋಲ್ಟ್, ಹಂಗಾಗಿ ಒಂದು ಅಡಾಪ್ಟರ್, ಇಲ್ಲಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ರೆ ಲ್ಯಾಪ್‌ಟಾಪ್, ಫೋನು ಎಲ್ಲಾ ಒಂದೇ ಕಡೆ ಆಗುತ್ತೆ.

ಇಲ್ಲಿನ ಸಿಮ್ ಬಂದ್ ಮಾಡ್ಬೇಡ್ರಿ. ನಮ್ಮ ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ, ಇಂಟರ್‌ನ್ಯಾಶನಲ್ ರೋಮಿಂಗ್ ಇಲ್ಲೇ ಆನ್ ಮಾಡಿಸಿ, ರೀಚಾರ್ಜ್ ಮಾಡೋ ಕೆಲಸ ಅಪ್ಪನಿಗೋ ಅಣ್ಣನಿಗೋ ಒಪ್ಪಿಸಿ ಹೋಗ್ರಿ.

ಇನ್ನು ದುಡ್ಡು. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ತಿಂಗಳಿಗಿಷ್ಟು ಅಂತ ಮಾತ್ರ ದುಡ್ಡು ಬಿಡೋ ಅಕೌಂಟಲ್ಲಿ ಇಟ್ಟಿರ್ತೀರಲ್ಲ, 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೋ, ಅಂದ್ರೆ ತಿಂಗಳಿಗೆ 992. ಇಳಿದ ದಿನವೇ ಅದು ಕೈಗೆ ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಬರಲ್ಲ. ಅಲ್ಲಿ ಮಾಮೂಲಿ ಬ್ಯಾಂಕ್ ಅಕೌಂಟ್ ತೆಗೆದು ಅದನ್ನ ಜೋಡಿಸಿದ ಮೇಲೇ ಮೊದಲ ಕಂತು ಬೀಳೋದು. ಅಲ್ಲೀವರೆಗೆ ಊಟ, ಬಸ್ಸು, ಮೊದಲ ಬಾಡಿಗೆ, ಡೆಪಾಸಿಟ್ ಎಲ್ಲಾ ಕೈಯಿಂದಲೇ ಆಗ್ಬೇಕು, ಬೇರೆ ದುಡ್ಡು ಫಾರೆಕ್ಸ್ ಕಾರ್ಡಲ್ಲಿ (ವಿದೇಶಿ ಹಣ ತುಂಬಿಸಿಕೊಳ್ಳೋ ಕಾರ್ಡು), ಸ್ವಲ್ಪ ನೋಟಲ್ಲಿ ಇಟ್ಕೊಳ್ರಿ.

ಮೊದಲ ರಾತ್ರಿ

ಆದಷ್ಟು ಶನಿವಾರ ರಾತ್ರಿ ಇಳಿಯೋ ಟಿಕೆಟ್ ತಗೋಬೇಡ್ರಿ. ಭಾನುವಾರ ಅಲ್ಲಿ ಅಂಗಡಿ ಬಾಗಿಲು ಹಾಕಿರ್ತಾವೆ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನವು, ಕೆಲವು ಬೇಕರಿ, ಪೆಟ್ರೋಲ್ ಬಂಕ್ ಬಿಟ್ರೆ ದಿನಸಿ ಸಿಗಲ್ಲ. ನಾನು ಇಳಿದಿದ್ದು ಶನಿವಾರವೇ. ಆವತ್ತು ನನ್ನ ಹೊಟ್ಟೆ ತುಂಬಿಸಿದ್ದು ಮಂಡಕ್ಕಿ. ಒಲೆ ಹಚ್ಚೋ ಕೆಲಸವೂ ಇಲ್ಲ, ಮಂಡಕ್ಕಿಗೆ ಎರಡು ಚಮಚ ಶೇಂಗಾ ಚಟ್ನಿಪುಡಿ, ಸ್ವಲ್ಪ ಎಣ್ಣೆ ಹಾಕಿ ಕೈಯಲ್ಲೇ ಕಲಸಿ ಕಿಟಕಿ ಹತ್ರ ನಿಂತು ತಿಂದೆ. ಕುಡಿಯೋ ನೀರಿಗೆ ನಲ್ಲಿ ನೀರೇ ಸಾಕು, ಧೈರ್ಯವಾಗಿ ಕುಡೀರಿ. ಬಾಟಲಿ ಕೊಂಡ್ರೂ ಖಾಲಿ ಬಾಟಲಿ ಎಸೀಬೇಡ್ರಿ, ಪ್ಲಾಸ್ಟಿಕ್ ಬಾಟಲಿಗೆ ಸಾಮಾನ್ಯವಾಗಿ 25 ಸೆಂಟ್ ಠೇವಣಿ ಇರುತ್ತೆ, ಸೂಪರ್‌ಮಾರ್ಕೆಟ್‌ನ ಮಷಿನ್ನಿಗೆ ಹಾಕಿದ್ರೆ ಚೀಟಿ ಬರುತ್ತೆ, ಬಿಲ್ಲಲ್ಲಿ ಕಳೀತಾರೆ.

ಒಗ್ಗರಣೆ ಹಾಕೋವಾಗ ಹುಷಾರು. ರೂಮಿನ ಚಾವಣಿ ಮೇಲೆ ಬಿಳೀ ಬಿಲ್ಲೆ ತರ ಇರುತ್ತಲ್ಲ, ಅದು ಹೊಗೆ ಹಿಡಿಯೋ ಅಲಾರಂ. ಒಣಮೆಣಸಿನಕಾಯಿ ಘಾಟಿಗೇ ಕೂಗ್ಕೊಳ್ಳುತ್ತೆ. ಮೊದಲು ಕಿಟಕಿ ತೆಗೀರಿ, ಒಲೆ ಮೇಲಿನ ಚಿಮಣಿ ಫ್ಯಾನ್ ಹಾಕ್ರಿ, ಆಮೇಲೆ ಸಾಸಿವೆ. ಅಡುಗೆಮನೆ ಬಾಗಿಲು ಕಾರಿಡಾರ್ ಕಡೆ ತೆಗೆದಿಡ್ಬೇಡ್ರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡೋ ಹಾಗಿಲ್ಲ, ಹಂಗಾಗಿ ಮಿಕ್ಸಿ ಕೆಲಸ ಹಗಲಲ್ಲೇ ಮುಗಿಸ್ರಿ.

ಅಡ್ರೆಸ್ ಕೆಲಸ, ಇದೇ ಮುಖ್ಯ

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಬ್ಯುರ್ಗರ್‌ಆಮ್ಟ್ ಅನ್ನೋ ಕಚೇರಿಗೆ ಹೋಗಿ ನಾನು ಇಲ್ಲಿ ವಾಸ ಇದೀನಿ ಅಂತ ಬರೆಸ್ಬೇಕು, ಇದು ಅಲ್ಲಿನ ಕಾನೂನು, ಹೆಸರು ಅನ್‌ಮೆಲ್ಡುಂಗ್. ಪಾಸ್‌ಪೋರ್ಟ್ ತಗೊಂಡ್ ಹೋಗ್ರಿ, ತುಂಬಿದ ಫಾರಂ ತಗೊಂಡ್ ಹೋಗ್ರಿ, ಇದೆಲ್ಲಕ್ಕಿಂತ ಹೆಚ್ಚಾಗಿ ಇವರು ನಮ್ಮ ಮನೇಲಿ ವಾಸಕ್ಕೆ ಬಂದಿದಾರೆ ಅಂತ ಮನೆ ಮಾಲೀಕರು ಸಹಿ ಮಾಡಿದ ಒಂದು ಪುಟದ ದೃಢೀಕರಣ ಬೇಕು. ಬಾಡಿಗೆ ಕರಾರು ತೋರಿಸಿದ್ರೆ ಸಾಕಾಗಲ್ಲ. ಎಷ್ಟೋ ಜನ ಕರಾರು ಹಿಡ್ಕೊಂಡು ಹೋಗಿ ವಾಪಸ್ ಬರ್ತಾರೆ. ಬೀಗದಕೈ ಇಸ್ಕೊಳ್ಳೋ ದಿನವೇ ಆ ಕಾಗದಾನೂ ಕೇಳ್ರಿ, ಹಾಸ್ಟೆಲ್ ಆದ್ರೆ ಅಲ್ಲಿನ ಆಫೀಸಿನೋರು ಕೊಡ್ತಾರೆ. ದೊಡ್ಡ ಊರಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಅಡ್ರೆಸ್ ಗೊತ್ತಾದ ತಕ್ಷಣ ಇಲ್ಲಿ ಕೂತೇ ಆನ್‌ಲೈನಲ್ಲಿ ಬುಕ್ ಮಾಡಿ ಅದರ ಪ್ರಿಂಟ್ ಇಟ್ಕೊಳ್ರಿ. ಕೆಲಸ ಮುಗಿದ್ಮೇಲೆ ಒಂದು ಸರ್ಟಿಫಿಕೇಟ್ ಕೊಡ್ತಾರೆ, ಅದರ ಫೋಟೋ ತೆಗೆದು ಮನೆಗೂ ಕಳಿಸಿಡ್ರಿ.

ಮನೆ ಇನ್ನೂ ಸಿಕ್ಕಿಲ್ಲ ಅನ್ನೋರಿಗೆ ಒಂದು ಮಾತು. ನಾನು ಊರಲ್ಲಿಲ್ಲ, ದುಡ್ಡು ಹಾಕ್ರಿ, ಬೀಗದಕೈ ಕೊರಿಯರ್ ಮಾಡ್ತೀನಿ ಅಂತ ಯಾರಾದ್ರೂ ಅಂದ್ರೆ ಅದು ಮೋಸ. ರೂಪಾಯಿನೂ ಹಾಕ್ಬೇಡ್ರಿ. ಡೆಪಾಸಿಟ್ ಅಂತ ಮೂರು ತಿಂಗಳ ಮೂಲ ಬಾಡಿಗೆಗಿಂತ (ಹೀಟಿಂಗ್, ನೀರಿನಂಥ ಖರ್ಚು ಬಿಟ್ಟು ಬರೀ ಬಾಡಿಗೆ) ಜಾಸ್ತಿ ಕೇಳೋ ಹಾಗಿಲ್ಲ ಅಂತ ಅಲ್ಲಿ ಕಾನೂನೇ ಇದೆ.

ಹೆಸರಿನ ವಿಚಾರ ಬೇರೆ ಇದೆ. ನಮ್ಮ ಕಡೆ ಮನೆತನದ ಹೆಸರು ಎಲ್ಲರಿಗೂ ಇರಲ್ಲ, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿರ್ತೀವಿ. ಅಲ್ಲಿ ಕರೆಯೋದು ಸರ್‌ನೇಮಿಂದ. ಯೂನಿವರ್ಸಿಟಿ ಆಫೀಸಲ್ಲಿ ಫ್ರೌ (ನಮ್ಮ ಶ್ರೀಮತಿ, ಕುಮಾರಿ ಇದ್ದಂಗೆ) ಅಂತ ಸೇರಿಸಿ ನಮ್ಮಪ್ಪನ ಹೆಸರು ಕೂಗಿದಾಗ ಎದ್ದು ಹೋಗೋಕೆ ಒಂದು ಕ್ಷಣ ಬೇಕಾಯ್ತು, ಬಂದು ಎರಡನೇ ದಿನ ಅದು, ಆ ಹೆಸರು ಕೇಳಿ ಕಣ್ಣು ತುಂಬಿ ಬಂದಿತ್ತು. ಪಾಸ್‌ಪೋರ್ಟಲ್ಲಿ ಹೆಂಗಿದೆಯೋ ಹಂಗೇ ಎಲ್ಲಾ ಕಡೆ ಬರೀರಿ, ಒಂದು ಕಡೆ ಕೆ., ಇನ್ನೊಂದು ಕಡೆ ಪೂರ್ತಿ ಅಂತ ಮಾಡ್ಬೇಡ್ರಿ.

ಅದೇ ಹೆಸರನ್ನ ಅಂಚೆ ಡಬ್ಬಿ ಮೇಲೂ ಹಾಕ್ರಿ. ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ. ನಮ್ಮೂರಲ್ಲಿ ಪೋಸ್ಟ್‌ಮನ್ ಅಣ್ಣ ಮನೆ ಗುರುತು ಹಿಡಿದು ಬರ್ತಾರೆ, ಸಿಗಲಿಲ್ಲ ಅಂದ್ರೆ ಪಕ್ಕದ ಮನೇಲಿ ಕೇಳ್ತಾರೆ. ಅಲ್ಲಿ ಡಬ್ಬಿ ಮೇಲೆ ಹೆಸರಿಲ್ಲ ಅಂದ್ರೆ ಕಾಗದ ವಾಪಸ್. ಬ್ಯಾಂಕ್ ಕಾರ್ಡ್ ಒಂದು ಕವರಲ್ಲಿ, ಪಿನ್ ಇನ್ನೊಂದು ಕವರಲ್ಲಿ ಬರ್ಬೇಕಿತ್ತು, ಹತ್ತು ದಿನ ಕಾದೆ, ದಿನಾ ಇಳಿದು ನೋಡ್ತಿದ್ದೆ. ಕೊನೆಗೆ ಗೊತ್ತಾಯ್ತು, ನನ್ನ ಡಬ್ಬಿ ಮೇಲೆ ಹಿಂದಿನ ಹುಡುಗೀದೇ ಹೆಸರಿತ್ತು, ಹಳದಿಗಟ್ಟಿದ ಚೀಟಿ, ಅಕ್ಷರ ಅರ್ಧ ಅಳಿಸಿತ್ತು. ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ದೊಡ್ಡಕ್ಷರದಲ್ಲಿ ಹೆಸರು ಬರೆದು ಟೇಪ್ ಹಚ್ಚಿದೆ, ಆಮೇಲೆ ಕಾಗದ ಬರೋಕೆ ಶುರುವಾದ್ವು. ಫ್ರೆಂಡ್ ಮನೇಲಿ ಇದ್ರೆ ಅವರ ಹೆಸರಿನ ಜೊತೆ ಕೇರ್ ಆಫ್ ಅಂತ ಬರೆಸ್ರಿ.

ಆಮೇಲೆ ಬರೋವು

ಹೆಸರು ಬರೆಸಿದ ಕೆಲವು ವಾರಕ್ಕೆ 11 ಅಂಕಿಯ ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಬರುತ್ತೆ, ಪಾರ್ಟ್ ಟೈಮ್ ಕೆಲಸಕ್ಕೆ ಬೇಕು. ಕೆಲಸ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾಡ್ಬಹುದು. ಇನ್ನೊಂದು ಕಾಗದ ರೇಡಿಯೋ ಟಿವಿ ಶುಲ್ಕದ್ದು, ತಿಂಗಳಿಗೆ 18.36 ಯೂರೋ, ಮನೇಲಿ ಟಿವಿ ಇಲ್ದಿದ್ರೂ ಕಟ್ಬೇಕು. ಜಾಹೀರಾತು ಅಂತ ಬಿಸಾಡ್ಬೇಡ್ರಿ. ಲೆಕ್ಕ ಮನೆಗೊಂದು, ಹಂಚಿಕೊಂಡಿರೋ ಮನೆ ಆದ್ರೆ ಯಾರು ಕಟ್ತಿದಾರೆ ಕೇಳಿ ಪಾಲು ಕೊಟ್ರಾಯ್ತು.

ಆರೋಗ್ಯ ವಿಮೆ ಇಲ್ದೆ ಅಡ್ಮಿಶನ್ನೇ ಪೂರ್ತಿ ಆಗಲ್ಲ. 30 ವರ್ಷದೊಳಗಿನೋರು ಸರ್ಕಾರಿ ಪದ್ಧತಿಯ ಸ್ಟೂಡೆಂಟ್ ವಿಮೆ ತಗೊಳ್ರಿ, ಇಲ್ಲಿಂದ ಮಾಡಿಸ್ಕೊಂಡು ಹೋಗೋ ಟ್ರಾವೆಲ್ ವಿಮೆ ಶುರುವಿನ ದಿನಗಳಿಗೆ ಮಾತ್ರ. ಆಂಬುಲೆನ್ಸ್, ಬೆಂಕಿ ಎರಡಕ್ಕೂ 112, ಪೊಲೀಸ್ 110.

ಇಲ್ಲಿಂದ ಹಾಕ್ಸಿಕೊಂಡು ಹೋದ ವೀಸಾ ಕೆಲವೇ ತಿಂಗಳದ್ದು. ಅದು ಮುಗಿಯೋ ಮುಂಚೆ ವಿದೇಶಿಯರ ಕಚೇರೀಲಿ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಿರ್ಬೇಕು, ಅಲ್ಲೂ ಮೊದಲು ಕೇಳೋದು ಅದೇ ಅಡ್ರೆಸ್ ಸರ್ಟಿಫಿಕೇಟು.

ಮನೆಗೆ ಫೋನು

ದಿನಾ ಒಂದು ಟೈಮ್ ಗೊತ್ತು ಮಾಡ್ಕೊಳ್ರಿ. ಹೋದ ಹೊಸದ್ರಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಇಲ್ಲಿ ರಾತ್ರಿ 9 ಅಂದ್ರೆ ಅಲ್ಲಿ ಸಂಜೆ ಐದೂವರೆ, ಕ್ಲಾಸ್ ಮುಗಿಸಿ ಬರೋ ಹೊತ್ತು. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ, ಆಮೇಲೆ ನಾಲ್ಕೂವರೆ ಗಂಟೆ ವ್ಯತ್ಯಾಸ. ಅದನ್ನ ಅಮ್ಮನಿಗೆ ಮೊದಲೇ ಹೇಳಿರ್ರಿ, ಇಲ್ಲಾಂದ್ರೆ ಆ ದಿನ ಒಂದು ಗಂಟೆ ಪೂರ್ತಿ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿರ್ತಾರೆ.